ಕೆಮ್ಮುವ ಕುದುರೆಗೆ ಬೆಟ್ಟದಲ್ಲೊಂದು ಜಾಗ

ಕುದುರೆ ಜೊತೆಗಿಟ್ಟುಕೊಂಡು ಬೆಟ್ಟಕ್ಕೆ ಹೋಗುವವರು ತಂಗುವ ಜಾಗ ಹುಡುಕುವಾಗ ಮೊದಲು ನೆಲ ನೋಡಬೇಕು, ನೋಟವನ್ನಲ್ಲ. ಕೆರೆ ಎಷ್ಟು ಚೆನ್ನಾಗಿ ಹೊಳೆಯುತ್ತದೆ, ಸೂರ್ಯ ಯಾವ ಗುಡ್ಡದ ಹಿಂದೆ ಮುಳುಗುತ್ತಾನೆ ಎನ್ನುವುದೆಲ್ಲ ಕುದುರೆಗೆ ಬೇಕಿಲ್ಲ. ಅದು ಬಹುಪಾಲು ನಿಂತೇ ನಿದ್ದೆ ತೆಗೆಯುವ ಪ್ರಾಣಿ. ಅದಕ್ಕೆ ಗೊರಸಿನ ಕೆಳಗೆ ಗಟ್ಟಿಯಾದ ಒಣ ನೆಲ ಬೇಕು. ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಒತ್ತಿ ನೋಡಬೇಕು, ತೇವ ಹತ್ತಿದರೆ ಮುಂದಕ್ಕೆ ಹೋಗುತ್ತಿರಬೇಕು. ಸುತ್ತ ಲಂಟಾನ ಪೊದೆ ಇದ್ದರೆ ಅಲ್ಲಿ ನಿಲ್ಲಲೇಬಾರದು. ಹಸಿದ ಕುದುರೆ ಅದಕ್ಕೂ ಬಾಯಿ ಹಾಕುತ್ತದೆ, ಅದು ವಿಷ.

ನಾನು ಓದಿದ್ದು ಮೂರನೇ ಕ್ಲಾಸು. ಇದು ಯಾವ ಪುಸ್ತಕದಲ್ಲೂ ಸಿಕ್ಕಿದ್ದಲ್ಲ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಈಗ ನನ್ನ ಹತ್ತಿರ ಬಂದು, "ಅಜ್ಜಿ, ದೇವರಾಯನದುರ್ಗದಲ್ಲಿ ಎಲ್ಲಿ ಕಟ್ಟೋದು?" ಎಂದು ಕೇಳುತ್ತಾರೆ. ಹೇಳುತ್ತೇನೆ. ನಿಮಗೆ ಹೇಗೆ ಗೊತ್ತಾಯಿತು ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಇದನ್ನು ಬರೆಯುವ ಕೆಲಸ ಇರುತ್ತಿರಲಿಲ್ಲ.

ಇಸವಿ ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಚಾಮರಾಜಪೇಟೆಯಲ್ಲಿ ನಮ್ಮ ವಠಾರದ ಹಿಂದುಗಡೆ ಒಂದು ಲಾಯ, ಅದರಲ್ಲಿ ಒಂದು ಹೆಣ್ಣು ಕುದುರೆ, ಹೊರಗೆ ಒಂದು ಜಟಕಾ. ನಮ್ಮೆಜಮಾನರು ಕಲಾಸಿಪಾಳ್ಯದ ಮಾರ್ಕೆಟ್ಟಿನಿಂದ ಬಸವನಗುಡಿ ಕಡೆಯ ಅಂಗಡಿಗಳಿಗೂ ಅಡುಗೆ ಕಂಟ್ರಾಕ್ಟರುಗಳಿಗೂ ತರಕಾರಿ ಮೂಟೆ ಹೊಡೆಯುತ್ತಿದ್ದರು. ಆಗಲೇ ಊರಿನಲ್ಲಿ ಜಟಕಾಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ಆಟೋದವರು ನಮ್ಮನ್ನು ನೋಡಿ ಹಾರ್ನ್ ಹೊಡೆದು ನಗುತ್ತಿದ್ದರು. ಕುದುರೆ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಲಾರಿಗಳ ನಡುವೆ ಸಿಕ್ಕಿಕೊಂಡರೂ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿರುತ್ತಿತ್ತು.

ಆ ವರ್ಷ ಅದಕ್ಕೆ ಕೆಮ್ಮು ಹಿಡಿಯಿತು. ಮೊದಲು ಬೆಳಗಿನ ಹೊತ್ತು ಮಾತ್ರ, ಆಮೇಲೆ ಗಾಡಿ ಎಳೆಯುವಾಗಲೂ. ಬುಲ್ ಟೆಂಪಲ್ ರಸ್ತೆಯ ಏರು ಹತ್ತುವಾಗ ಮೂಗಿನ ಹೊಳ್ಳೆ ಅರಳಿಸಿಕೊಂಡು ನಿಂತುಬಿಡುತ್ತಿತ್ತು. ದನದ ಆಸ್ಪತ್ರೆಯ ಡಾಕ್ಟರು ಎದೆಗೆ ಕಿವಿಯಿಟ್ಟು ಕೇಳಿದರು.

"ಯಜಮಾನ್ರೇ, ಮಾರ್ಕೆಟ್ ಹೊಗೆ ಕುಡಿದೂ ಕುಡಿದೂ ಇದರ ಎದೆ ಕೆಟ್ಟಿದೆ. ಒಂದಷ್ಟು ದಿನ ಬೆಟ್ಟದ ಕಡೆ ಎಲ್ಲಾದ್ರೂ ಇಟ್ಟು ನೋಡಿ. ಕಮ್ಮಿ ಆದ್ರೆ ಸರಿ, ಆಗ್ಲಿಲ್ಲ ಅಂದ್ರೆ ಇದನ್ನ ಇನ್ನು ಗಾಡಿಗೆ ಕಟ್ಬೇಡಿ."

ಮಾರಿಬಿಡೋಣ ಎಂದವಳು ನಾನೇ. ಅದನ್ನು ಮುಚ್ಚಿಡುವುದು ಏನೂ ಇಲ್ಲ. ಬಿನ್ನಿಪೇಟೆ ಕಡೆಯ ಒಬ್ಬ ಕುದುರೆ ವ್ಯಾಪಾರಿ ಆಗಲೇ ಎರಡು ಸಲ ಬಂದು ಹಲ್ಲು ನೋಡಿ ಹೋಗಿದ್ದ. ಅವನು ಕೊಂಡ ಕುದುರೆಗಳು ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

"ಗಾಡಿ ಎಳೀದೇ ಇರೋ ಕುದುರೆ ಇಟ್ಕೊಂಡು ಏನ್ರೀ ಮಾಡೋದು? ಮಣೆ ಮೇಲೆ ಕೂರಿಸಿ ಆರತಿ ಎತ್ತೋದಾ?"

"ಡಾಕ್ಟ್ರು ಬೆಟ್ಟಕ್ಕೆ ಕರ್ಕೊಂಡ್ಹೋಗಿ ಅಂದ್ರಲ್ಲೇ."

"ಡಾಕ್ಟ್ರು ಬಂದು ಲದ್ದಿ ಬಾಚ್ತಾರಾ?"

"ಆಷಾಢದಲ್ಲಿ ಮದುವೆ ಇಲ್ಲ, ಕಂಟ್ರಾಕ್ಟರ್‌ಗಳು ಮೂಟೆ ಕೇಳಲ್ಲ. ಗಾಡಿ ಹೆಂಗೂ ಖಾಲಿ ನಿಂತಿರುತ್ತೆ. ಭೀಮನ ಅಮಾವಾಸ್ಯೆವರೆಗೂ ಟೈಮ್ ಕೊಡೇ. ಆಮೇಲೂ ಕೆಮ್ಮಿದ್ರೆ ನೀನು ಹೇಳ್ದಂಗೆ."

ನಾನು ಒಪ್ಪಿದೆ. ಆದರೆ ಇವರೊಬ್ಬರನ್ನೇ ಕಳಿಸಲು ಒಪ್ಪಲಿಲ್ಲ. ಇವರು ಒಬ್ಬರೇ ಹೋದರೆ ಕುದುರೆ ಕರುಳು ಕಿತ್ತುಬರುವ ಹಾಗೆ ಕೆಮ್ಮಿದರೂ "ಎಲ್ಲಿ, ಸೀನಿತು ಅಷ್ಟೆ" ಎನ್ನುತ್ತಾರೆ. ನಾನು ಹೋದದ್ದು ಗಾಳಿ ಕುಡಿಯುವುದಕ್ಕಲ್ಲ, ಸಾಕ್ಷಿಗೆ. ನಾವಿಬ್ಬರು ಹೊರಟದ್ದನ್ನು ಕಂಡು ಅದೇ ವಠಾರದಲ್ಲಿದ್ದ ನನ್ನ ನಾದಿನಿಯೂ ಹೊರಟಳು. ಬೆಟ್ಟದ ನರಸಿಂಹಸ್ವಾಮಿಗೆ ಹರಕೆ ಇದೆ ಅಂದಳು. ಗಂಡನಿಗೆ ಸಾರು ಮಾಡುವುದನ್ನು ಒಂದು ಗಂಟೆಯಲ್ಲಿ ಹೇಳಿಕೊಟ್ಟು, ಸೀರೆ ಗಂಟು ತಂದು ಗಾಡಿಯೊಳಗೆ ಕೂತುಬಿಟ್ಟಳು.

ಜಟಕಾದ ಮೇಲೆ ಒಣಹುಲ್ಲಿನ ಕಟ್ಟು, ಒಳಗೆ ಹುರುಳಿ ಮೂಟೆ, ಬೂಸಾ, ಕಬ್ಬಿಣದ ಬಕೆಟ್ಟು, ಒಂದು ಟಾರ್ಪಾಲು, ಸೀಮೆಎಣ್ಣೆ ಸ್ಟೌ. ಲಾರಿ ಕಮ್ಮಿ ಎಂದು ಮಾಗಡಿ ರಸ್ತೆ ಹಿಡಿದೆವು. ದೇವರಾಯನದುರ್ಗದ ಬುಡ ಮುಟ್ಟಲು ಮೂರು ದಿನ ಬೇಕಾಯಿತು. ಏರು ಬಂದಲ್ಲೆಲ್ಲ ನಾವು ಮೂವರೂ ಇಳಿದು ನಡೆದೆವು. ಅರ್ಧ ದಾರಿ ನಾವೇ ಗಾಡಿ ತಳ್ಳಿದೆವು ಎಂದರೂ ತಪ್ಪಿಲ್ಲ.

ಕೆಮ್ಮನ್ನು ಲೆಕ್ಕ ಇಡಲು ನಾನು ಒಂದು ಉಪಾಯ ಮಾಡಿದ್ದೆ. ಒಂದು ಸಲ ಕೆಮ್ಮಿದರೆ ಒಂದು ಹುರುಳಿಕಾಳು ಸಣ್ಣ ಡಬ್ಬಿಗೆ. ಸಂಜೆ ಎಣಿಸುವುದು. ಮೊದಲ ದಿನ ಇಪ್ಪತ್ತಮೂರು. ಎರಡನೆಯ ದಿನ ಹತ್ತೊಂಬತ್ತು. ಇವರು ಹಿಗ್ಗಿದರು. ಮೂರನೆಯ ದಿನ ನಾದಿನಿ ಕೂಗಿದಳು:

"ಅತ್ತಿಗೆ, ಅಣ್ಣ ಡಬ್ಬಿಯಿಂದ ಕಾಳು ತೆಗೆದು ಬಾಯಿಗೆ ಹಾಕ್ಕೊಂಡ!"

"ಹಸಿವಾಗಿತ್ತು ಕಣೇ," ಎಂದರು ಇವರು, ಹಸಿ ಹುರುಳಿ ಅಗಿಯುತ್ತಾ.

ಅಂದಿನಿಂದ ಡಬ್ಬಿ ನನ್ನ ಸೊಂಟದಲ್ಲಿ.

ಮೊದಲ ಜಾಗ ಇವರು ಆರಿಸಿದ್ದು. ಬೆಟ್ಟದ ಬುಡದಲ್ಲಿ ಒಂದು ಕೆರೆ, ಅದರ ಅಂಚಿಗೆ ಮೊಣಕಾಲುದ್ದ ಹಸಿರು ಹುಲ್ಲು. ಇವರು ಗಾಡಿ ಬಿಚ್ಚಿ ಉದ್ದ ಹಗ್ಗ ಬಿಟ್ಟು ಕುದುರೆಯನ್ನು ಮೇಯಲು ಬಿಟ್ಟರು.

"ನೋಡು, ಹೆಂಗೆ ತಿಂತಿದೆ! ಇಷ್ಟು ವರ್ಷ ನಾವು ಇದಕ್ಕೆ ಕಸ ತಿನ್ನಿಸಿದ್ವಿ ಕಣೇ."

ನನಗೂ ಚೆನ್ನಾಗಿಯೇ ಕಂಡಿತು. ನಾದಿನಿ ಕೆರೆಯಲ್ಲಿ ಕಾಲಿಟ್ಟುಕೊಂಡು ಕೂತಳು. ನಗರದವರು ಬೆಟ್ಟಕ್ಕೆ ಹೋದರೆ ಮೊದಲು ಮರುಳಾಗುವುದು ಹಸಿರಿಗೆ ಮತ್ತು ನೀರಿಗೆ. ಆ ಕುದುರೆ ಹುಟ್ಟಿದ್ದು ಕಲಾಸಿಪಾಳ್ಯದ ಒಂದು ಶೆಡ್ಡಿನಲ್ಲಿ. ಬೆಳೆದದ್ದು ಹುರುಳಿ, ಬೂಸಾ, ಒಣಹುಲ್ಲಿನ ಮೇಲೆ. ಹಬ್ಬದೂಟ ಎಂದರೆ ಕೋಸಿನ ಹೊರಎಲೆ. ಅದರ ಹೊಟ್ಟೆ ಅಷ್ಟು ಹಸಿರನ್ನು ಒಂದೇ ಸಲ ಕಂಡಿರಲೇ ಇಲ್ಲ.

ಬೆಳಗ್ಗೆ ಎದ್ದು ನೋಡಿದರೆ ಅದು ನೆಲಕ್ಕೆ ಬಿದ್ದು ಹೊರಳುತ್ತಿತ್ತು. ಎದ್ದು ನಿಲ್ಲುವುದು, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುವುದು, ಮತ್ತೆ ಬೀಳುವುದು. ಮೈಯೆಲ್ಲ ಬೆವರು. ಹೊಟ್ಟೆಶೂಲೆ. ಕುದುರೆಗೆ ಅದು ಬಂದರೆ ಮಲಗಲು ಬಿಡಬಾರದು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಇಂಗು, ಓಮ ಕುದಿಸಿ ಆರಿಸಿ, ತಲೆ ಎತ್ತಿಸಿ ಬಾಯಿಯ ಮೂಲೆಯಿಂದ ಸ್ವಲ್ಪಸ್ವಲ್ಪವಾಗಿ ಹಾಕಿದೆವು. ಅರ್ಧ ನನ್ನ ಸೀರೆಗೆ ಬಿತ್ತು. ಆಮೇಲೆ ಕೆರೆ ಏರಿಯ ಮೇಲೆ ನಡೆಸತೊಡಗಿದೆವು. ಒಬ್ಬರು ಸುಸ್ತಾದರೆ ಇನ್ನೊಬ್ಬರು. ಇವರು ಹಗ್ಗ ಹಿಡಿದಾಗ ಕುದುರೆಯ ಕಿವಿಯಲ್ಲಿ ಏನೇನೋ ಹೇಳುತ್ತಿದ್ದರು. ನಾನು ಹಿಡಿದಾಗ "ನಡಿ" ಎಂದು ಮಾತ್ರ ಹೇಳುತ್ತಿದ್ದೆ. ನನ್ನ ಜೊತೆಗೇ ಅದು ಬೇಗ ನಡೆಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅದು ಬಾಲ ಎತ್ತಿತು. ನಾವು ಮೂವರೂ ನಿಂತೆವು. ರಾಶಿ ಲದ್ದಿ ಹಾಕಿತು. ನಾದಿನಿ ಎರಡೂ ಕೈ ಜೋಡಿಸಿ, "ನರಸಿಂಹಸ್ವಾಮಿ!" ಎಂದಳು.

"ಅದಕ್ಕೆ ಕೈ ಮುಗೀತಿದೀಯಲ್ಲೇ," ಅಂದೆ.

"ಬಂತಲ್ಲ ಅತ್ತಿಗೆ. ಇನ್ನೇನ್ ಬೇಕು?"

ಅದೂ ನಿಜವೇ. ಇವರು ಏರಿಯ ಕಲ್ಲಿನ ಮೇಲೆ ಕೂತು ಟವಲಿನಿಂದ ಮುಖ ಒರೆಸಿಕೊಂಡರು, ತುಂಬ ಹೊತ್ತು ಒರೆಸಿಕೊಂಡರು. ನಾನು ಆ ಕಡೆ ನೋಡಲಿಲ್ಲ. ಅಂದಿನ ಡಬ್ಬಿಯಲ್ಲಿ ಹದಿನಾರು ಕಾಳು.

ಮುಂದಿನ ಜಾಗ ನಾದಿನಿಯದು. ಬೆಟ್ಟದ ಮೇಲಿನ ದಾರಿಯಲ್ಲಿ ಒಂದು ಹಳೆಯ ಮಂಟಪ. ನೆಲ ಒಣಗಿದೆ, ನೆರಳಿದೆ, ದೇವರು ಹತ್ತಿರ. ಅಲ್ಲಿ ನಾವು ಒಂದು ಪೂರ್ತಿ ದಿನವೂ ಇರಲಿಲ್ಲ. ಕುದುರೆಯ ಮೂತಿಗೆ ಹುರುಳಿ ಚೀಲ ಕಟ್ಟಿದ ಕೂಡಲೇ ಎಲ್ಲಿದ್ದವೋ ಕೋತಿಗಳು, ಒಂದು ಬಂದು ಕುದುರೆಯ ಬೆನ್ನ ಮೇಲೆ ಕೂತಿತು, ಇನ್ನೊಂದು ಚೀಲಕ್ಕೇ ಕೈ ಹಾಕಿತು. ಕುದುರೆಗೆ ಬೆನ್ನ ಮೇಲಿನ ಕೋತಿ ಸವಾರನಂತೆ ಕಂಡಿತೋ ಏನೋ, ಅದು ಸುಮ್ಮನಿತ್ತು. ಆದರೆ ಊಟದ ಚೀಲಕ್ಕೆ ಕೈ ಹಾಕಿದಾಗ ಹಿಂಗಾಲು ಎತ್ತಿ ಒದೆಯಿತು. ಕೋತಿಗೆ ತಾಗಲಿಲ್ಲ, ನಮ್ಮ ಸ್ಟೌಗೆ ತಾಗಿತು. ಸ್ಟೌ ಮೆಟ್ಟಿಲಿನ ಮೇಲೆ ಟಣಟಣ ಎಂದು ಉರುಳಿಕೊಂಡು ಹೋಯಿತು. ಪೂಜೆಗೆ ಹೊರಟಿದ್ದ ಅರ್ಚಕರು ಅದಕ್ಕೆ ದಾರಿ ಬಿಟ್ಟು ನಿಂತರು.

"ಅಮ್ಮ, ಎಲ್ರೂ ದೇವರಿಗೆ ಕಾಯಿ ತರ್ತಾರೆ. ನೀವು ಸ್ಟೌ ಕಳಿಸ್ತಿದೀರಲ್ಲ," ಎಂದರು.

ಒಳ್ಳೆಯ ಮನುಷ್ಯ. ಬೈಯಲಿಲ್ಲ. ನಾವೇ ಗಂಟು ಕಟ್ಟಿದೆವು.

ಮತ್ತೆ ಇವರ ಸರದಿ. ಈ ಸಲ ಹುಲ್ಲಿಲ್ಲದ ಜಾಗ, ಕೋತಿಯಿಲ್ಲದ ಜಾಗ. ಕಾಡಿನ ಅಂಚಿನಲ್ಲಿ ಒಂದು ತೊರೆ, ಪಕ್ಕದಲ್ಲಿ ಬಂಡೆಯ ಬಯಲು. ಒಂದು ಸದ್ದಿಲ್ಲ. ಇವರು ಎದೆ ತುಂಬ ಉಸಿರೆಳೆದು, "ಇದು ಕಣೇ ಜಾಗ," ಎಂದರು.

ಕುದುರೆ ತೊರೆಯ ಹತ್ತಿರ ಹೋಯಿತು, ನೀರು ಮೂಸಿತು, ಹಿಂದಕ್ಕೆ ಬಂತು. ಮತ್ತೆ ಕರೆದುಕೊಂಡು ಹೋದರು. ಮತ್ತೆ ಹಿಂದಕ್ಕೆ. ಬಕೆಟ್ಟಿನಲ್ಲಿ ತುಂಬಿ ಇಟ್ಟರೆ ಅದನ್ನೂ ಮೂಸಿ ಮುಖ ತಿರುಗಿಸಿತು. ಕೊಳೆತ ಎಲೆಯ ವಾಸನೆ ಇತ್ತೋ ಏನೋ, ನಮಗೆ ತಿಳಿಯಲಿಲ್ಲ. ನಾವು ಕುಡಿದೆವು, ಸಿಹಿಯಾಗಿತ್ತು. ಅದರ ಜೊತೆಗೆ ಇನ್ನೊಂದು ತೊಂದರೆ. ಲಾರಿಗೆ ಹೆದರದ ಕುದುರೆ ಒಂದು ಎಲೆ ಉದುರಿದರೆ ಬೆಚ್ಚುತ್ತಿತ್ತು. ನಾಲ್ಕು ಕಾಲನ್ನೂ ಊರಿಕೊಂಡು, ಕಿವಿಗಳನ್ನು ಆ ಕಡೆ ಈ ಕಡೆ ತಿರುಗಿಸುತ್ತ ನಿಂತೇ ಇತ್ತು. ಬೆಳಗಾದರೂ ಹಾಗೇ. ಒಂದು ಹನಿ ನೀರು ಕುಡಿದಿರಲಿಲ್ಲ. ಮೈಯಲ್ಲಿ ನೀರಿದ್ದರೆ, ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಕೂಡಲೇ ಮಾಯವಾಗಬೇಕು. ಅದು ಹಾಗೇ ನಿಂತಿತ್ತು.

"ಶೂಲೆ ಈಗಷ್ಟೇ ಹೋಗಿದೆ, ನೀರಿಲ್ಲದಿದ್ರೆ ಮತ್ತೆ ಬರುತ್ತೆ," ಎಂದರು ಇವರು. ಮುಖ ಸಣ್ಣಗಾಗಿತ್ತು. "ಬಾ, ಇಳಿದು ಹೋಗೋಣ. ನೀನು ಹೇಳಿದ್ದೇ ಸರಿ. ಆ ವ್ಯಾಪಾರಿಗೇ ಕೊಟ್ಬಿಡೋಣ."

ನಾನು ಹೇಳಿದ್ದೇ ಸರಿ ಎಂದು ಇವರು ಅಲ್ಲಿಯವರೆಗೆ ಒಂದು ಸಲವೂ ಹೇಳಿರಲಿಲ್ಲ. ಕೇಳಲು ಅಷ್ಟೇನೂ ಚೆನ್ನಾಗಿರಲಿಲ್ಲ.

"ಅಮಾವಾಸ್ಯೆವರೆಗೂ ಅಂದ್ರಿ. ಅಮಾವಾಸ್ಯೆ ಇನ್ನೂ ದೂರ ಇದೆ. ಮೊದಲು ಒಂದು ಲೋಟ ಟೀ ಕುಡಿಯೋಣ, ನಡೀರಿ," ಅಂದೆ.

ಸ್ವಲ್ಪ ಮೇಲೆ ಟಾರು ರಸ್ತೆಯ ತಿರುವಿನಲ್ಲಿ ಒಂದು ಬಸ್ ಸ್ಟಾಪು ಇತ್ತು. ಒಂದು ಟೀ ಅಂಗಡಿ, ಸಿಮೆಂಟಿನ ತೊಟ್ಟಿ, ಅದಕ್ಕೊಂದು ನಲ್ಲಿ. ಅಂಗಡಿಯ ಹೆಂಗಸು ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ತಿರುಗಿಸಿದಳು. ಖಾಲಿ ಬಿಂದಿಗೆಯ ತಳಕ್ಕೆ ನೀರು ಬೀಳುವ ಸದ್ದು ಬಂತೋ ಇಲ್ಲವೋ, ನಮ್ಮ ಕುದುರೆ ಇವರನ್ನು ದರದರ ಎಳೆದುಕೊಂಡು ಓಡಿತು. ಬಿಂದಿಗೆಯನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ ನಲ್ಲಿಯ ಮುಂದೆ ನಿಂತಿತು.

"ಅಯ್ಯ ಅಯ್ಯ, ಏನವ್ವ ಇದು!" ಎಂದಳು ಆಕೆ.

ನಾನು ಬಕೆಟ್ಟು ಇಟ್ಟೆ. ಕಬ್ಬಿಣದ ಬಕೆಟ್ಟಿಗೆ ನಲ್ಲಿ ನೀರು ಧೋ ಎಂದು ಬಿತ್ತು. ಎರಡು ಬಕೆಟ್ಟು ತಲೆ ಎತ್ತದೆ ಕುಡಿಯಿತು, ಮೂರನೆಯದರಲ್ಲಿ ಮೂತಿ ಅದ್ದಿ ಆಟವಾಡಿತು. ಆಗ ನನಗೆ ಹೊಳೆಯಿತು. ನಮ್ಮ ವಠಾರದ ಮುಂದೆ ಒಂದು ಬೀದಿ ನಲ್ಲಿ ಇತ್ತು. ನೀರು ಬಿಟ್ಟಾಗ ಎಲ್ಲರ ಬಿಂದಿಗೆಗಳ ಸಾಲಿನಲ್ಲಿ ಕುದುರೆಯ ಬಕೆಟ್ಟೂ ಇರುತ್ತಿತ್ತು. ಅದರ ಸರದಿ ಯಾರೂ ತಪ್ಪಿಸುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅದಕ್ಕೆ ನೀರು ಎಂದರೆ ಮೇಲಿನಿಂದ ಬಕೆಟ್ಟಿಗೆ ಸದ್ದು ಮಾಡಿಕೊಂಡು ಬೀಳುವ ವಸ್ತು. ನೆಲದ ಮೇಲೆ ತಾನೇ ಹರಿದುಕೊಂಡು ಹೋಗುವುದನ್ನು ಅದು ಮೋರಿ ಎಂದುಕೊಂಡಿತ್ತೋ ಏನೋ. ಚಾಮರಾಜಪೇಟೆಯಲ್ಲಿ ಹರಿಯುವುದೆಲ್ಲ ಮೋರಿಯೇ. ದಾರಿಯುದ್ದಕ್ಕೂ, ಕೆರೆಯ ಹತ್ತಿರವೂ ನಾವು ಅದಕ್ಕೆ ಕೊಟ್ಟದ್ದು ಹಳ್ಳಿಯ ನಲ್ಲಿಯಿಂದ ಬಕೆಟ್ಟಿಗೆ ಹಿಡಿದ ನೀರೇ.

ಅಷ್ಟರಲ್ಲಿ ಬೆಳಗಿನ ಬಸ್ಸು ಗರಗರ ಎನ್ನುತ್ತ ಬಂದು ನಿಂತಿತು. ಕಂಡಕ್ಟರು ಸೀಟಿ ಊದಿದ, ಬಾಗಿಲು ಬಡಿದ, "ರೈಟ್ ರೈಟ್" ಎಂದು ಕೂಗಿದ. ಕುದುರೆ ಒಂದು ನಿಟ್ಟುಸಿರು ಬಿಟ್ಟು, ಒಂದು ಹಿಂಗಾಲು ಮಡಿಸಿ, ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿತು. ಕುದುರೆ ಹಾಗೆ ನಿಂತರೆ ನೆಮ್ಮದಿಯಾಗಿದೆ ಎಂದು ಅರ್ಥ. ಎರಡು ದಿನದಿಂದ ಅದು ಹಾಗೆ ನಿಂತಿರಲಿಲ್ಲ.

"ಇಲ್ಲೇ ಕಟ್ಟಿ," ಅಂದೆ.

"ಹೊಗೆ ಬಿಟ್ಟು ಬಂದು ಬಸ್ ಸ್ಟ್ಯಾಂಡಲ್ಲಿ ಕಟ್ಟೋದಾ? ತಲೆ ಕೆಟ್ಟಿದೆಯೇನೇ?"

"ದಿನಕ್ಕೆ ಎರಡು ಬಸ್ಸು ರೀ. ಗಾಳಿ ಹೊತ್ಕೊಂಡು ಹೋಗುತ್ತೆ. ನೀವು ನಿಮಗೆ ಬೇಕಾದ ಜಾಗ ಹುಡುಕಿದ್ರಿ, ಇವಳು ದೇವಸ್ಥಾನ ಹುಡುಕಿದಳು. ಕುದುರೆ ತನ್ನ ಜಾಗ ತಾನೇ ಹುಡುಕ್ಕೊಂಡಿದೆ."

ನೆಲಕ್ಕೆ ಹಿಮ್ಮಡಿ ಒತ್ತಿ ನೋಡಿದೆ. ಗಟ್ಟಿ ಕಲ್ಲುಮಣ್ಣು, ಒಣಗಿತ್ತು, ಸ್ವಲ್ಪ ಇಳಿಜಾರು, ನೀರು ನಿಲ್ಲುವುದಿಲ್ಲ. ಅಂಗಡಿಯ ಹೆಂಗಸನ್ನು ಕೇಳಿದೆವು. ಆಕೆ ಸೊಂಟಕ್ಕೆ ಕೈಯಿಟ್ಟುಕೊಂಡು ಕುದುರೆಯನ್ನೂ ನಮ್ಮನ್ನೂ ನೋಡಿದಳು.

"ಬೆಂಗ್ಳೂರಿಂದ ಜನ ಗಾಳಿ ಬದ್ಲಾವಣೆಗೆ ಬರೋದು ಕಂಡಿದೀನಿ. ಕುದ್ರೆ ಬಂದದ್ದು ಇದೇ ಮೊದ್ಲು. ಇರ್ಲಿ ಬಿಡ್ರವ್ವ. ಲದ್ದಿ ನಮ್ ತೋಟಕ್ಕೆ ಕೊಡ್ರಿ, ಸಾಕು."

ಟಾರ್ಪಾಲು ಕಟ್ಟಿದೆವು. ಅಂದು ಸಂಜೆ ಹದಿನೇಳು ಕಾಳು. ಜಾಗ ಸಿಕ್ಕಿತು, ಕೆಮ್ಮು ಹೋಗಲಿಲ್ಲ.

ಮರುದಿನ ನಾದಿನಿ ಒಂದು ಅನಾಹುತ ಮಾಡಿದಳು. ಉಳಿದಿದ್ದ ಒಣಹುಲ್ಲಿನ ಕಟ್ಟನ್ನು ಗಾಡಿಯ ಮೇಲಿನಿಂದ ಇಳಿಸಿ, ಒರಗಿಕೊಳ್ಳುವುದಕ್ಕೆ ಮೆತ್ತಗಿರುತ್ತದೆ ಎಂದು ತೊಟ್ಟಿಗೆ ಆನಿಸಿ ಇಟ್ಟಿದ್ದಳು. ತೊಟ್ಟಿ ತುಂಬಿ ಹರಿದು ಇಡೀ ಕಟ್ಟು ತೊಪ್ಪೆಯಾಗಿತ್ತು.

"ದರಿದ್ರದವಳೇ, ಈಗ ಅದಕ್ಕೆ ಏನ್ ಹಾಕ್ಲಿ, ನಿನ್ ಸೀರೆನಾ?" ಎಂದು ಇವರು ಹಾರಾಡಿದರು.

"ಹಾಕು. ಹೆಂಗೂ ಅದೂ ನೆಂದಿದೆ," ಎಂದಳು ಅವಳು.

ಬೇರೆ ಹುಲ್ಲು ಇರಲಿಲ್ಲ. ಒದ್ದೆ ಹುಲ್ಲನ್ನೇ ಹಿಂಡಿ ಹಾಕಿದೆವು. ಕುದುರೆ ಬೇಡವೆನ್ನಲಿಲ್ಲ. ಒಣಗದಂತೆ ಮೋಡ ಕವಿದ ದಿನಗಳು, ಕಟ್ಟು ಮುಗಿಯುವವರೆಗೂ ಒದ್ದೆಯೇ. ಕಾಳುಗಳು ಹನ್ನೊಂದಕ್ಕೆ ಇಳಿದವು, ಆರಕ್ಕೆ ಇಳಿದವು, ನಾಲ್ಕನೆಯ ದಿನ ಎರಡೇ ಎರಡು. ಇವರು ಬೆಟ್ಟದ ಗಾಳಿಯನ್ನು ಹೊಗಳಿದರು. ನಾದಿನಿ ಹರಕೆ ಫಲಿಸಿತು ಎಂದು ಮೇಲಿನ ದೇವಸ್ಥಾನದವರೆಗೆ ಬರಿಗಾಲಲ್ಲಿ ಹತ್ತಿ ಇಳಿದಳು. ನಿಜವಾದ ಕಾರಣ ನನಗೂ ಗೊತ್ತಿರಲಿಲ್ಲ.

ಐದನೆಯ ದಿನ ಇವರು ಕೆಳಗಿನ ಹಳ್ಳಿಗೆ ಹೋಗಿ ಹೊಸ ಒಣಹುಲ್ಲು ತಂದರು. ಚೆನ್ನಾಗಿ ಒಣಗಿದ್ದು, ಕೊಡವಿದರೆ ಧೂಳೇಳುತ್ತಿತ್ತು. ಬೆಳಗ್ಗೆ ಹಾಕಿದರು. ಮಧ್ಯಾಹ್ನಕ್ಕೆ ಏಳು ಕಾಳು. ಸಂಜೆಗೆ ಹದಿಮೂರು. ಅದೇ ಜಾಗ, ಅದೇ ನೀರು, ಅದೇ ಗಾಳಿ.

"ನೀವು ಸಂಕಲ್ಪ ಸರಿಯಾಗಿ ಮಾಡ್ಲಿಲ್ಲ ಅತ್ತಿಗೆ. ಮನಸಲ್ಲಿ ಮಾರೋದೇ ಇತ್ತು ನಿಮಗೆ. ದೇವರಿಗೆ ಗೊತ್ತಾಗುತ್ತೆ."

"ಇವತ್ತು ಮಂಜು ಜಾಸ್ತಿ," ಎಂದರು ಇವರು. ಆಮೇಲೆ ಮೆಲ್ಲಗೆ, "ಅಲ್ವಾ?" ಎಂದರು.

ನಾನು ಹೋಗಿ ಆ ಹುಲ್ಲಿನ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ಹಿಡಿದು ಕೊಡವಿದೆ. ಸೀನು ಬಂತು, ಕೆಮ್ಮೂ ಬಂತು. ಮನೆಯ ಲಾಯದಲ್ಲಿ ಹುಲ್ಲಿನ ಅಟ್ಟ ಇರುವುದು ಕುದುರೆಯ ತಲೆಯ ಮೇಲೆಯೇ. ಆ ವರ್ಷ ಹೊಸದಾಗಿ ಕಟ್ಟಿಸಿದ ಅಟ್ಟ. ಹಗಲೂ ರಾತ್ರಿ ಹುಲ್ಲಿನ ಧೂಳು ಕುದುರೆಯ ಮೂಗಿಗೇ ಉದುರುತ್ತಿತ್ತು. ಅಟ್ಟ ಕಟ್ಟಿಸಿ ಎಂದು ಹಠ ಹಿಡಿದವಳು ನಾನೇ, ನೆಲದ ಮೇಲೆ ಇಲಿ ಬರುತ್ತದೆ ಎಂದು. ಯಾರ ತಪ್ಪು ಎಂದು ಹುಡುಕುತ್ತ ಹೊರಟರೆ ನಮ್ಮ ಮನೆಗೇ ಬರಬೇಕಾಯಿತು.

"ಕಟ್ಟನ್ನ ತೊಟ್ಟಿ ನೀರಲ್ಲಿ ಅದ್ದಿ," ಅಂದೆ.

"ಇವಳು ನೆನೆಸಿದ್ರೆ ಬೈದೆ, ಈಗ ನಾನೇ ನೆನೆಸ್ಬೇಕಾ?"

"ಹೂಂ. ಕಾರಣ ಆಮೇಲೆ ಹೇಳ್ತೀನಿ."

ಆಮೇಲೆ ಹೇಳಲಿಲ್ಲ. ಮೂರು ದಿನ ಕಾದೆ. ಒಂಬತ್ತು, ಮೂರು, ಒಂದು. ನಾಲ್ಕನೆಯ ದಿನ ಡಬ್ಬಿ ಅಲ್ಲಾಡಿಸಿದರೆ ಸದ್ದಿಲ್ಲ. ಇವರು ಡಬ್ಬಿ ಕಸಿದುಕೊಂಡು ಮುಚ್ಚಳ ತೆಗೆದು ನೋಡಿದರು, ತಲೆಕೆಳಗು ಮಾಡಿ ನೋಡಿದರು.

"ನೀನೇನಾದ್ರೂ ತಿಂದೆಯೇನೇ?"

"ನಿಮ್ಮ ಥರ ಅಲ್ಲ ನಾನು," ಅಂದೆ. ಆಗಲೇ ಅಟ್ಟದ ವಿಷಯ ಹೇಳಿದ್ದು. ಇವರು ಜೋರಾಗಿ ನಕ್ಕರು. ಮಾರಿಬಿಡೋಣ ಎಂದವಳೂ ನಾನೇ, ಕೆಮ್ಮು ಬರಿಸಿದವಳೂ ನಾನೇ, ಬಿಡಿಸಿದವಳೂ ನಾನೇ ಎಂದು ಟೀ ಅಂಗಡಿಯ ಹೆಂಗಸಿಗೂ ಹೇಳಿದರು, ಸಂಜೆ ಬಸ್ಸಿನ ಕಂಡಕ್ಟರಿಗೂ ಹೇಳಿದರು.

ಅಮಾವಾಸ್ಯೆಯ ಹಿಂದಿನ ದಿನ ಚಾಮರಾಜಪೇಟೆ ಮುಟ್ಟಿದೆವು. ನಾದಿನಿಯ ಗಂಡ ಸಾರು ಮಾಡುವುದನ್ನು ನಿಜವಾಗಿಯೂ ಕಲಿತಿದ್ದ. ಮರುದಿನ ಅವನ ಪಾದಪೂಜೆ ಮಾಡಿದ ಅವಳು ಅದೇ ಸಾರು ಬಡಿಸಿಕೊಂಡು ಉಂಡಳು. ನಾವು ಅಟ್ಟ ಕಿತ್ತು ಹಾಕಿ, ಹುಲ್ಲು ನೆನೆಸಲು ಒಂದು ಹಳೆಯ ತೊಟ್ಟಿ ತಂದಿಟ್ಟೆವು. ಡಾಕ್ಟರು ಬಂದು ಎದೆಗೆ ಕಿವಿಯಿಟ್ಟರು, ಆ ಕಡೆ ಈ ಕಡೆ ಇಟ್ಟರು.

"ಏನ್ ಕೊಟ್ರಿ ಅಮ್ಮ?"

"ನೀರು," ಅಂದು ವಿಷಯ ಹೇಳಿದೆ.

"ಧೂಳಿನ ವಿಷಯ ನಾನೇ ಕೇಳ್ಬೇಕಿತ್ತು," ಎಂದು ಅವರು ತಲೆ ಕೆರೆದುಕೊಂಡರು. ಅಷ್ಟು ಹೇಳಿದ್ದಕ್ಕೆ ಅವರಿಗೆ ಕಾಫಿ ಕೊಟ್ಟೆ.

ಆ ವಾರ ವ್ಯಾಪಾರಿ ಬಂದ. ಇವರು ಒಳಗೆ ಹೋಗಿ ಕೂತರು. ಬೇಡ ಅನ್ನುವ ಕೆಲಸ ಯಾವಾಗಲೂ ನನ್ನದೇ. "ಗಾಡಿ ಎಳೀದೇ ಇರೋ ಕುದುರೆ ಆದ್ರೆ ಕೊಡ್ತೀನಿ, ಇದು ಎಳೆಯುತ್ತೆ," ಎಂದು ಹೇಳಿ ಕಳಿಸಿದೆ.

ಕೆಮ್ಮಿಗೆ ಮದ್ದು ಬೆಟ್ಟದಲ್ಲಿ ಇರಲಿಲ್ಲ, ಬಕೆಟ್ಟಿನಲ್ಲಿತ್ತು ಎಂದು ತಿಳಿದ ಮೇಲೆ ಬೆಟ್ಟಕ್ಕೆ ಮತ್ತೆ ಹೋಗುವ ಅಗತ್ಯ ಏನೂ ಇರಲಿಲ್ಲ. ಆದರೂ ಮುಂದಿನ ಆಷಾಢ ಬಂದಾಗ ಇವರು ಅಂಗಳದಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, "ಯಾಕೋ ಈ ಸಲ ನಂಗೇ ಕೆಮ್ಮು," ಎಂದರು.

"ಹುಲ್ಲು ನೆನೆಸಿ ಕೊಡ್ಲಾ?" ಅಂದೆ.

ಹೋದೆವು. ಆಮೇಲಿನ ವರ್ಷಗಳಲ್ಲೂ ಹೋದೆವು. ಪ್ರತಿ ಸಲ ಹೊಸ ಜಾಗ ನೋಡುತ್ತಿದ್ದೆವು, ಆದರೆ ಕುದುರೆಯನ್ನು ಮುಂದೆ ಬಿಟ್ಟು ನಾವು ಹಿಂದೆ ನಡೆಯುತ್ತಿದ್ದೆವು. ಅದು ಹಿಂಗಾಲು ಮಡಿಸಿದಲ್ಲಿ ಟಾರ್ಪಾಲು. ಸಾಮಾನ್ಯವಾಗಿ ಒಂದು ಬೋರ್‌ವೆಲ್ ಪಂಪು, ಒಂದು ಹಿಟ್ಟಿನ ಗಿರಣಿ, ಒಂದು ಸಲ ಸ್ಕೂಲಿನ ಕಾಂಪೌಂಡಿನ ಪಕ್ಕ. ಬೆಲ್ ಹೊಡೆದಾಗಲೆಲ್ಲ ಅದಕ್ಕೆ ಖುಷಿ.

ಎರಡು ಸಾವಿರದ ಆಚೆಗೆ ಮಾರ್ಕೆಟ್ಟಿನಲ್ಲಿ ಜಟಕಾಕ್ಕೆ ಮೂಟೆ ಕೊಡುವವರೇ ಇಲ್ಲವಾದರು. ಎಲ್ಲ ಟೆಂಪೋ. ಗಾಡಿಯನ್ನು ಒಡೆದು ಚಕ್ರ ಒಬ್ಬರಿಗೆ, ಮರ ಒಬ್ಬರಿಗೆ ಕೊಟ್ಟೆವು. ಸುದ್ದಿ ತಿಳಿದು ಬಿನ್ನಿಪೇಟೆಯ ಆ ವ್ಯಾಪಾರಿ ಮತ್ತೆ ಬಂದ. ಕೂದಲು ನರೆತಿತ್ತು, ಬುದ್ಧಿ ಹಾಗೇ ಇತ್ತು. ಲಾಯದಲ್ಲಿ ಒದ್ದೆ ಹುಲ್ಲು ಮೆಲ್ಲುತ್ತ ನಿಂತಿದ್ದ ಮುದಿ ಕುದುರೆಯ ಹಲ್ಲು ನೋಡಲು ಕೈ ಚಾಚಿದ. ನಾನು ಪೊರಕೆ ಹಿಡಿದು ಅಡ್ಡ ಬಂದೆ.

"ಅಮ್ಮ, ಗಾಡಿನೇ ಇಲ್ವಲ್ಲ. ನೀವೇ ತಾನೇ ಹೇಳಿದ್ದು, ಗಾಡಿ ಎಳೀದೇ ಇರೋ ಕುದುರೆ ಕೊಡ್ತೀನಿ ಅಂತ?"

"ಹೇಳಿದ್ದೆ."

"ಮತ್ತೆ ಇನ್ನು ಇದನ್ನಿಟ್ಕೊಂಡು ಏನ್ಮಾಡ್ತೀರಿ?"

"ಆಷಾಢ ಬರ್ತಿದೆ ಕಣಯ್ಯ, ದುರ್ಗಕ್ಕೆ ಹೋಗ್ಬೇಕು," ಅಂದೆ. "ಅಲ್ಲಿ ಎಲ್ಲಿ ತಂಗೋದು ಅಂತ ನೋಡಿ ಹೇಳೋರು ಬೇಡ್ವಾ? ನೀನು ಬರ್ತೀಯಾ?"